ಪೆನ್ಸಿಲ್ ಗೆರೆ ಕಾಣುವ ಯಂತ್ರ

ಚನ್ನಗಿರಿ
ಶ್ರಾವಣ ಸೋಮವಾರ, 22-8-1988

ಜಗಳೂರಿನಲ್ಲಿ ಅಣ್ಣನ ಮನೆ ಸೇರಿಕೊಂಡು ಸಿಟ್ಟು ಕಾಯುತ್ತಾ ಕೂತಿರುವ ನಮ್ಮ ಮನೆಯವರಿಗೆ, ನಿರ್ಮಲ ಮಾಡುವ ನಮಸ್ಕಾರಗಳು.

ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಂತೆ, ನಿಮ್ಮ ಅತ್ತಿಗೆ ದುರುಗಕ್ಕ ಬಸ್ಸಿನವರ ಕೈಲಿ ಹೇಳಿ ಕಳಿಸಿದ್ದರು. ರೊಟ್ಟಿ ಮೊದಲಿಗಿಂತ ಒಂದು ಹೆಚ್ಚೇ ಹೋಗುತ್ತಿದೆಯಂತೆ. ಹೋಗಲಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಕಾರಹುಣ್ಣಿಮೆಯಿಂದ ಈಚೆಗೆ ನಾವಿಬ್ಬರೂ ಉಣ್ಣುತ್ತಲೂ ಇದ್ದೇವೆ, ಮಲಗುತ್ತಲೂ ಇದ್ದೇವೆ, ನೀವೊಂದು ತಾಲ್ಲೂಕಿನಲ್ಲಿ, ನಾನೊಂದು ತಾಲ್ಲೂಕಿನಲ್ಲಿ. ಗಾದೆ ಕಟ್ಟಿದವರಿಗೆ ಈ ಲೆಕ್ಕ ಹೊಳೆದಿರಲಿಲ್ಲ ಅಂತ ಕಾಣುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದು ತಪ್ಪಾಯ್ತು ಅಂತ ಬರೆದ ಕಾಗದ ಅಲ್ಲ. ಹೊನ್ನಾಳಿ ಕಲ್ಯಾಣ ಮಂಟಪದ ಪ್ರಾರಂಭದ ದಿನ ಮಂಟಪದ ಸಮಿತಿಯ ಮಲ್ಲಿಕಾರ್ಜುನಪ್ಪನವರು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ್ದು ನಾನು ಕೇಳಿ ಹೊದಿಸಿಕೊಂಡದ್ದಲ್ಲ. ಈ ನಕ್ಷೆ ನೋಡಿಯೇ ಊರಿನವರು ಮುಂದೆ ಬಂದು ಮಂಟಪ ಕಟ್ಟಿಸಿದರು, ಇಂಥಾ ಕೈ ಈ ಹೆಣ್ಣುಮಗಳದು ಅಂತ ಅವರು ಮೈಕಿನಲ್ಲಿ ಹೇಳಿದಾಗ ನೀವು ಎರಡನೇ ಸಾಲಿನಲ್ಲಿ ಕೂತಿದ್ದಿರಿ. ನಾನೇನು ಶಾಲು ಕಿತ್ತು ಅವರ ಮುಖಕ್ಕೆ ಎಸೆಯಬೇಕಿತ್ತಾ? ಮನೆಗೆ ಬಂದು ಚಪ್ಪಲಿ ಬಿಡುತ್ತಾ ನೀವು ಒಂದೇ ಮಾತು ಅಂದಿರಿ.

"ನಾನು ಎಳೆದ ಒಂದು ಗೆರೆನೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ನಮ್ಮ ಜಗಳೂರು, ಎಲ್ಲೂ ಯಾರೂ ನೋಡಿಲ್ಲ ನಿರ್ಮಲ."

ನಾನು ಅದನ್ನು ಹೊಟ್ಟೆಕಿಚ್ಚು ಅಂದೆ. ಬೆಳಗಾಗುತ್ತಲೇ ನೀವು ಬ್ಯಾಗು ಹಿಡಿದು ಹೊರಟಿರಿ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರೋದಿಲ್ಲ ಅಂತ ಅತ್ತೆ ಹಿಂದೆಯೇ ಕೂಗಿದರು. ನೀವು ತಿರುಗಿಯೂ ನೋಡಲಿಲ್ಲ.

ಈಗ ಬರೆಯುತ್ತಿರುವುದು ಬೇರೆ ಸಂಗತಿ. ಹೋದ ವಾರ ದಾವಣಗೆರೆಯಲ್ಲಿ ನಾನೊಂದು ನೋಡಿಬಂದೆ. ಅದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಎದೆಯೊಳಗೆ ಇಟ್ಟುಕೊಂಡು ಓಡಾಡಿದೆ, ಆಗಲಿಲ್ಲ. ನಿಮ್ಮಣ್ಣನ ಮನೆಯಲ್ಲಿ ಒಬ್ಬರಿಗೆ ಕಾಗದ ಬಂದರೆ ಮನೆಮಂದಿಯೆಲ್ಲ ಕೂತು ಓದಿಸಿಕೊಳ್ಳುತ್ತೀರಿ ಅಂತ ನನಗೆ ಗೊತ್ತು. ಅದಕ್ಕೇ ಚಿತ್ತಪ್ಪ ಬಾವನವರಿಗೂ ತಿಳಿಯುವ ಹಾಗೆ ಬುಡದಿಂದ ಬರೆಯುತ್ತೇನೆ.

ಬಾವ, ನಮ್ಮ ಪಂಚಾಕ್ಷರಪ್ಪನವರ ಡಿಸೈನ್ ಆಫೀಸಿನಲ್ಲಿ ಕೆಲಸ ನಡೆಯುವುದು ಹೀಗೆ. ಮನೆಯೋ ಗಿರಣಿಯೋ ಶಾಲೆಯೋ, ನಿಮ್ಮ ತಮ್ಮ ಅದನ್ನು ದಪ್ಪ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ. ಅದರ ಮೇಲೆ ನಾನು ತೆಳು ಟ್ರೇಸಿಂಗ್ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಗಳ ಮೇಲೇ ಇಂಕಿನಲ್ಲಿ ಎಳೆಯುತ್ತೇನೆ. ಪ್ರತಿ ತೆಗೆಯುವುದೆಲ್ಲ ಆ ಇಂಕಿನ ಹಾಳೆಯಿಂದ. ಮೇಸ್ತ್ರಿಯ ಕೈಗೆ, ಪಂಚಾಯಿತಿಗೆ, ಮಾಲೀಕರ ಮನೆಯ ಗೋಡೆಗೆ ಹೋಗುವುದು ಅದೇ. ಪೆನ್ಸಿಲ್ ಹಾಳೆ ಸುರುಳಿಯಾಗಿ ಅಟ್ಟ ಸೇರುತ್ತದೆ, ಗೆದ್ದಲಿಗೆ ಹಬ್ಬ. ಇದು ನಾನು ಮಾಡಿದ ಕಾನೂನಲ್ಲ, ಎಲ್ಲ ಆಫೀಸಿನಲ್ಲೂ ಹೀಗೇ.

ಪ್ರತಿ ತೆಗೆಯುವುದು ಮಾಳಿಗೆ ಮೇಲೆ, ಬಿಸಿಲಿನಲ್ಲಿ. ಗಾಜಿನ ಚೌಕಟ್ಟಿನ ಕೆಳಗೆ ಇಂಕಿನ ಹಾಳೆ, ಅದರ ಕೆಳಗೆ ಮದ್ದು ಸವರಿದ ಹಾಳೆ. ಎಲೆ ಅಡಿಕೆ ಹಾಕಿಕೊಂಡು ಬಾಯಿ ಚೆನ್ನಾಗಿ ಕೆಂಪಾಗುವ ಹೊತ್ತಿಗೆ ತೆಗೆದು ಅಮೋನಿಯಾ ಪೆಟ್ಟಿಗೆಯೊಳಗೆ ಇಟ್ಟರೆ ಗೆರೆ ಮೂಡುತ್ತದೆ. ಆಫೀಸಿನಲ್ಲಿ ಗಡಿಯಾರ ಇದ್ದರೂ ನಾವು ನಂಬಿದ್ದು ಬಾಯಿಯನ್ನೇ. ಆದರೆ ಈ ಸಲ ಮೋಡ ಹಿಡಿದದ್ದು ಬಿಡಲೇ ಇಲ್ಲ. ಬಾಯಿ ಕೆಂಪಾದದ್ದೇ ಬಂತು, ಹಾಳೆ ಮೇಲೆ ಏನೂ ಇಲ್ಲ. ಆಗಿರುವಷ್ಟು ನಕ್ಷೆಯಾದರೂ ಕೊಡಿ ಅಂತ ನ್ಯಾಮತಿ ಅಕ್ಕಿ ಗಿರಣಿಯವರು ಬಾಗಿಲಲ್ಲಿ ಕೂತಿದ್ದಾರೆ. ಪಂಚಾಕ್ಷರಪ್ಪನವರು ಇನ್ನು ಪ್ರತಿ ತೆಗೆಯುವ ಮಿಷನ್ನೇ ಗತಿ ಅಂದರು. ಅವರಿಗೆ ಸೊಂಟ ಹಿಡಿದುಕೊಂಡು ಬಸ್ಸು ಹತ್ತಲು ಆಗದು. ನನ್ನನ್ನು ಕರೆದು, ಅದರ ಜೊತೆ ದಿನಾ ಬಾಳುವೆ ಮಾಡೋಳು ನೀನು, ಕಣ್ಣಾರೆ ನೋಡಿಕೊಂಡು ಬಾ, ನೀನು ಯಾವುದು ಅಂತೀಯೋ ಅದೇ ಅಂದರು. ಪರೀಕ್ಷೆಗೆ ಯಾವುದಾದರೂ ಹಾಳೆ ತಗೊಂಡು ಹೋಗು ಅಂದರು. ನಿಮ್ಮ ಹಲಗೆಯ ಮೇಲೆ ನೀವು ಅರ್ಧಕ್ಕೆ ಬಿಟ್ಟುಹೋದ ನ್ಯಾಮತಿ ಗಿರಣಿಯ ಪೆನ್ಸಿಲ್ ನಕ್ಷೆ ಹಾಗೇ ಇತ್ತು. ಒಂದು ಇಂಕಿನ ಹಾಳೆಯ ಜೊತೆಗೆ ಅದನ್ನೂ ಸುತ್ತಿಕೊಂಡೆ. ಯಾಕೆ ಅಂದರೆ ಗೊತ್ತಿಲ್ಲ.

ಅತ್ತೆ ತಾವೂ ಬರುತ್ತೇನೆ ಅಂದರು. ದುಗ್ಗಮ್ಮನ ಗುಡಿಗೆ ಹರಕೆ ಇತ್ತಂತೆ. ಏನು ಹರಕೆ ಅಂತ ಕೇಳಿದರೆ ಹೇಳಲಿಲ್ಲ, ಆದರೆ ಜಗಳೂರಿನ ಕಡೆಯ ಬಸ್ಸು ಎದುರಾದಾಗಲೆಲ್ಲ ಕಿಟಕಿಯಲ್ಲಿ ಕತ್ತು ಹಾಕುತ್ತಿದ್ದರು. ಗುಡಿಯಲ್ಲಿ ಪೂಜೆ ಮುಗಿಸಿ ಕುಂಕುಮದ ಪೊಟ್ಟಣ ಸೆರಗಿಗೆ ಕಟ್ಟಿಕೊಂಡರು.

ಮೊದಲ ಅಂಗಡಿಯಲ್ಲಿ ಇದ್ದದ್ದು ಅಮೋನಿಯಾ ಮಿಷನ್ನು. ನಮ್ಮ ಮಾಳಿಗೆ ಕೆಲಸವನ್ನೇ ಪೆಟ್ಟಿಗೆಯೊಳಗೆ ಮಾಡುತ್ತದೆ, ಬಿಸಿಲಿನ ಬದಲು ಒಳಗೆ ಉದ್ದನೆಯ ದೀಪ. ಇಂಕಿನ ಹಾಳೆ ಕೊಟ್ಟೆ, ಚೆನ್ನಾಗಿ ಬಂತು. ಪೆನ್ಸಿಲ್ ಹಾಳೆ ಕೊಟ್ಟೆ, ಬರೀ ಮಬ್ಬು. ದಪ್ಪ ಹಾಳೆಯೊಳಗೆ ಬೆಳಕು ದಾಟುವುದಿಲ್ಲವಲ್ಲ. ಅತ್ತೆ ಆ ಘಾಟಿಗೆ ಸೆರಗು ಮೂಗಿಗೆ ಒತ್ತಿಕೊಂಡು ರಸ್ತೆಗೇ ಓಡಿದರು. ನನಗೆ ಮಾತ್ರ ಒಪ್ಪಿಗೆಯಾಗಿತ್ತು. ಅಂಗೈ ಅಗಲದ ಜಾಗ ಸಾಕು, ರಿಪೇರಿಯವರು ದಾವಣಗೆರೆಯಲ್ಲೇ ಸಿಗುತ್ತಾರೆ, ನನ್ನ ಇಂಕಿನ ಕೆಲಸ ಎಂದಿನಂತೆ ನಡೆಯುತ್ತದೆ. ಇದೇ ಸರಿ ಅಂತ ಪಂಚಾಕ್ಷರಪ್ಪನವರಿಗೆ ಹೇಳುವ ಮಾತನ್ನೂ ಜೋಡಿಸಿಕೊಂಡಾಗಿತ್ತು.

ಬಂದದ್ದು ಬಂದೆವಲ್ಲ ಅಂತ ಇನ್ನೊಂದು ಕಂಪನಿಯ ಗೋಡೌನಿಗೂ ಹೋದೆವು. ಅಲ್ಲಿ ಒಂದು ಉರುಳೆ ಮಿಷನ್ನು ಹಾಳೆಯನ್ನು ಬಾಯಿಗೆ ಎಳೆದುಕೊಂಡು ಇನ್ನೊಂದು ಕಡೆ ಉಗುಳುತ್ತಿತ್ತು. ಇಂಕಿನ ಹಾಳೆ ಕೊಟ್ಟರೆ ಅಂಚು ಪರ್ರನೆ ಹರಿಯಿತು. ಅದಕ್ಕೆ ಅಲ್ಲೇ ಕೈಮುಗಿದೆ. ಆಗ ಕಂಪನಿಯವರು ಹಿಂದಿನ ಕೋಣೆಯ ಬೀಗ ತೆಗೆದರು.

ಹೇಗೆ ಹೇಳಲಿ? ಇಬ್ಬರು ಆರಾಮಾಗಿ ಮಲಗುವಷ್ಟು ಅಗಲದ ಗಾಜು, ಮಂಚದ ಎತ್ತರದಲ್ಲಿ. ಬೊಂಬಾಯಿಯಲ್ಲಿ ಹಡಗು ಕಟ್ಟುವವರ ಡಿಸೈನ್ ಆಫೀಸಿನಲ್ಲಿ ಇದ್ದು ಬಂದ ಹಳೇ ಮಿಷನ್ನಂತೆ. ಸಮುದ್ರದ ಮೇಲೆ ಹೋಗುವ ಹಡಗಿನ ನಕ್ಷೆಯೆಲ್ಲ ಇದೇ ಗಾಜಿನ ಮೇಲೆ ಮಲಗಿ ಎದ್ದು ಹೋಗಿವೆ ಅಂತ ಅವರು ಹೇಳುತ್ತಿದ್ದರೆ ನನಗೆ ಗಾಜು ಮುಟ್ಟಲು ಕೈ ಬರಲಿಲ್ಲ. ಇದಕ್ಕೆ ಟ್ರೇಸಿಂಗ್ ಬೇಡ, ತೆಳು ಹಾಳೆಯೂ ಬೇಡ, ಏನು ಇಟ್ಟರೆ ಅದನ್ನು ಬೆಳಕಿನಲ್ಲಿ ಓದಿಕೊಂಡು ಅಷ್ಟೇ ಅಳತೆಯಲ್ಲಿ ಬರೆದು ಕೊಡುತ್ತದೆ, ಇದಕ್ಕೆ ಸ್ಕ್ಯಾನ್ ಮಾಡುವುದು ಅಂತಾರೆ ಅಂದರು. ದೂರದ ಬೆಟ್ಟ ನುಣ್ಣಗೆ, ಮಾರುವವರು ಏನು ಹೇಳುವುದಿಲ್ಲ ಅಂದುಕೊಂಡೆ.

ಅವರು ಪ್ಲಗ್ಗು ಹಾಕಲು ಆ ಕಡೆ ಹೋದರಷ್ಟೇ, ಅತ್ತೆ ಸೆರಗಿನ ಗಂಟು ಬಿಚ್ಚಿದವರೇ ಉಂಗುರದ ಬೆರಳಿನಲ್ಲಿ ಗಾಜಿನ ನಡುಮಧ್ಯ ಕುಂಕುಮ ಇಟ್ಟುಬಿಟ್ಟರು. ಬೆಳಕು ಹುಟ್ಟುವ ಜಾಗವಂತೆ, ದೀಪಕ್ಕೆ ಇಡದೆ ಹಚ್ಚುತ್ತಾರಾ ಅಂತ ಆಮೇಲೆ ನನಗೇ ಬೈದರು. ಇಟ್ಟದ್ದು ನನಗೂ ಆಗ ಗೊತ್ತಾಗಲಿಲ್ಲ. ಕಂಪನಿಯವರು ತಮ್ಮ ಮಾದರಿ ಹಡಗಿನ ನಕ್ಷೆ ಇಟ್ಟು ಮುಚ್ಚಳ ಹಾಕಿದರು. ಬೆಳಕಿನದೊಂದು ಕೋಲು ಆ ತುದಿಯಿಂದ ಈ ತುದಿಗೆ ಸಾವಕಾಶ ನಡೆದುಬಂತು. ಮುಚ್ಚಳದ ಸಂದಿಯಿಂದ ಆ ಬೆಳಕು ಅತ್ತೆಯ ಮುಖದ ಮೇಲೆ ಹಾದುಹೋಯಿತು, ಅವರು ಕೈಮುಗಿದು ಬಿಟ್ಟರು. ಪ್ರತಿ ಹೊರಗೆ ಬಂತು. ಹಡಗಿನ ಹೊಟ್ಟೆಯಲ್ಲಿ ಕರ್ರಗೆ ಒಂದು ಬೊಟ್ಟು!

ಪಾಪ ಅವರು ಬೆವೆತುಹೋದರು. ಮಿಷನ್ನು ಅಪ್ಪಟ ಚೊಕ್ಕ ಐತಮ್ಮ, ಕನ್ನಡಿಗೆ ಧೂಳು ಕೂತಿರಬೇಕು ಅಂತ ಒಳಗೆಲ್ಲ ಒರೆಸಿ ಇನ್ನೊಂದು ತೆಗೆದರು. ಮತ್ತೆ ಅದೇ ಬೊಟ್ಟು. ನಾನು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಬೊಟ್ಟಿನೊಳಗೆ ಸುತ್ತು ಸುತ್ತು ಗೆರೆಗಳು, ನಡುವೆ ಅಡ್ಡಕ್ಕೆ ಒಂದು ಬಿಳೀ ಸೀಳು. ಜೋಳ ಕೊಯ್ಯುವಾಗ ಕುಡುಗೋಲು ತಾಗಿದ ಅತ್ತೆಯ ಬೆರಳು! ಆ ಗಾಯದ ಗೀಟು ಸಮೇತ ಬಂದಿತ್ತು. ನಾನು ನಗುತ್ತಾ ನಿಂತರೆ ಅತ್ತೆಗೆ ಜೀವವೇ ಹಾರಿಹೋಗಿತ್ತು. ಅವರಿಗೆ ಹಾಳೆ ಮೇಲೆ ಬೆರಳು ಮೂಡಿತು ಅಂದರೆ ಹೆಬ್ಬೆಟ್ಟು ಒತ್ತಿ ಆಸ್ತಿ ಬರೆದುಕೊಟ್ಟ ಹಾಗೆ. ನಿಮ್ಮ ಜಗಳೂರಿನ ಹೊಲ ಹೋಯಿತು ಅಂತಲೇ ಅಂದುಕೊಂಡು, ಎರಡೂ ಹಾಳೆ ಕೊಡುವ ತನಕ ಹೊರಗೆ ಹೋಗುವುದಿಲ್ಲ ಅಂತ ಬಾಗಿಲಿಗೆ ಅಡ್ಡ ನಿಂತರು. ಮಡಚಿ ಚೀಲದ ತಳಕ್ಕೆ ತುರುಕಿಕೊಂಡ ಮೇಲೇ ಉಸಿರು ಬಿಟ್ಟದ್ದು.

ನಗು ನಿಂತ ಮೇಲೆ ನನಗೊಂದು ಹೊಳೆಯಿತು. ಬೆರಳಿನ ಗೆರೆ ಕಂಡ ಈ ಕಣ್ಣು ಇನ್ನೇನು ಕಾಣಲಿಕ್ಕಿಲ್ಲ? ಗಾಜು ಒರೆಸಿಸಿ, ನಿಮ್ಮ ಪೆನ್ಸಿಲ್ ಹಾಳೆ ಬಿಚ್ಚಿ ನಾನೇ ಮಲಗಿಸಿದೆ.

ರೀ, ಇಲ್ಲಿಂದ ಮುಂದೆ ನಿಧಾನ ಓದಿಸಿ.

ಬೆಳಕು ನಡೆದು ನಿಂತಿತು. ಹಾಳೆ ಬಂತು, ಬಿಳೀ ಮೇಲೆ ಕಪ್ಪಗೆ, ನೀವು ಬರೆದಷ್ಟೇ ದೊಡ್ಡದು. ನೋಡುತ್ತಾ ನೋಡುತ್ತಾ ನಾನು ಹಾಗೇ ನೆಲಕ್ಕೆ ಕೂತೆ. ಮದುವೆಯಾದಾಗಿನಿಂದ ನಿಮ್ಮ ಗೆರೆಯ ಮೇಲೇ ಬಗ್ಗಿ ಬದುಕಿದ್ದೇನೆ. ಆದರೆ ನಾನು ಕಂಡದ್ದು ಅದರ ದಾರಿಯನ್ನು, ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕು ಅಂತ. ಗೆರೆಯನ್ನೇ ನೋಡಿರಲಿಲ್ಲ. ನೀವು ಗೋಡೆ ಎಳೆಯುವಾಗ ಮೂಲೆಯಲ್ಲಿ ಕೈ ಊರಿ ನಿಲ್ಲಿಸುತ್ತೀರಿ, ನಡುವೆ ಹಗುರ ಬಿಡುತ್ತೀರಿ, ಇನ್ನೊಂದು ಮೂಲೆಗೆ ಮತ್ತೆ ಊರುತ್ತೀರಿ. ಭಾರ ಹೊರುವ ಗೋಡೆ ಭಾರ ಹೊತ್ತ ಹಾಗೇ ಕಾಣುತ್ತದೆ. ಕಿಟಕಿಯ ಗೆರೆ ಉಸಿರಾಡಿದಷ್ಟು ತೆಳು. ಇಂಕಿನ ಪೆನ್ನಿಗೆ ಇದೆಲ್ಲ ಬರುವುದಿಲ್ಲ, ಅದಕ್ಕೆ ಎಲ್ಲ ಗೆರೆಯೂ ಒಂದೇ. ಎಲ್ಲ ಬಣ್ಣ ಮಸಿ ನುಂಗಿತು ಅಂತಾರಲ್ಲ, ನನ್ನ ಮಸಿ ನುಂಗಿದ್ದು ಏನು ಅಂತ ಆ ಗೋಡೌನಿನ ನೆಲದ ಮೇಲೆ ಕೂತಾಗ ಕಂಡೆ.

ಇನ್ನೂ ಒಂದಿದೆ. ಗಿರಣಿಯ ಗೇಟಿನ ಪಕ್ಕ ನೀವು ಒಂದು ಬೇವಿನ ಮರ ಬರೆದಿದ್ದೀರಿ. ಮರದ ಕೆಳಗೆ ಒಬ್ಬ ಮನುಷ್ಯ. ರುಮಾಲು, ಹೆಗಲ ಮೇಲೆ ಖಾಲಿ ಚೀಲ, ಒಂದು ಕಾಲು ಮಡಚಿ ಹಿಂದಿನ ಗೋಡೆಗೆ ಊರಿಕೊಂಡು ನಿಂತಿದ್ದಾನೆ. ಹೆಬ್ಬೆರಳಿನಷ್ಟು ಎತ್ತರ, ಅಷ್ಟೇ. ನೀವು ಎಲ್ಲ ನಕ್ಷೆಯಲ್ಲೂ ಹೀಗೆ ಗೇಟಿನ ಹತ್ತಿರ ಏನೋ ಗೀಚುತ್ತಿದ್ದಿರಿ, ನಾನು ಅದನ್ನು ಇಂಕಿಗೆ ತೆಗೆದುಕೊಂಡವಳಲ್ಲ. ಟ್ರೇಸ್ ಮಾಡುವವರು ಕಟ್ಟಡ ತೆಗೆಯಬೇಕು, ಮರ ಮಾನವರನ್ನಲ್ಲ. ನನಗೆ ಕಲಿಸಿದ್ದೂ ಅದೇ, ಇವತ್ತೂ ಅದು ತಪ್ಪು ಅನ್ನುವುದಿಲ್ಲ. ಅಳತೆ ಗೊತ್ತಾಗಲಿ ಅಂತ ಬರೆಯುತ್ತೀರಿ ಅಂದುಕೊಂಡಿದ್ದೆ.

ಅತ್ತೆ ನನ್ನ ಪಕ್ಕ ಬಂದು ಕೂತು ಹಾಳೆಯ ಮೇಲೆ ಬಗ್ಗಿದರು. ಗೋಡೆ, ಬಾಗಿಲು, ಚಾವಣಿ ಯಾವುದೂ ಅವರಿಗೆ ತಿಳಿಯಲಿಲ್ಲ. ಬೆರಳು ಹುಡುಕುತ್ತಾ ಹೋಗಿ ಆ ಮನುಷ್ಯನ ಹತ್ತಿರ ನಿಂತಿತು.

"ನಿನ್ನ ಗಂಡನ ಅಪ್ಪ ಕಣೇ ಇದು," ಅಂದರು. "ಗಿರಣಿ ಮುಂದೆ ಕೂಲಿ ಕರೆಯೋ ತನಕ ಹಿಂಗೇ ಕಾಲು ಮಡಚ್ಕಂಡು ನಿಂತಿರ್ತಿದ್ದ. ಒಳಗೆ ಬಿಡ್ತಿರ್ಲಿಲ್ಲ."

ಆಮೇಲೆ ಅವರು ಅಳಲಿಲ್ಲ, ಅತ್ತದ್ದು ನಾನೇ. ಮಾವನವರನ್ನು ನಾನು ಕಂಡವಳಲ್ಲ, ನಮ್ಮ ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಹೊನ್ನಾಳಿ ಮಂಟಪದ ಬಾಗಿಲಲ್ಲೂ ಅವರಿದ್ದರಾ? ಕೆರೆಬಿಳಚಿ ಶಾಲೆಯ ಗೇಟಿನಲ್ಲೂ? ನೀವು ಬರೆದ ಎಲ್ಲ ಕಟ್ಟಡದ ಮುಂದೂ ಅಪ್ಪನನ್ನು ತಂದು ನಿಲ್ಲಿಸಿ, ನನ್ನ ಹಾಳೆಯಲ್ಲಿ ಅವರು ಇಲ್ಲದ್ದನ್ನು ನೋಡಿ, ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲ. ಇದು ಮಾತ್ರ ನಿಮ್ಮದೇ ತಪ್ಪು. ಹೇಳಿದ್ದರೆ ಇಂಕಿನಲ್ಲಿ ತೆಗೆಯುತ್ತಿದ್ದೆನೋ ಇಲ್ಲವೋ, ಕೇಳುತ್ತಂತೂ ಇದ್ದೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಪ್ರೀತಿಯೂ ಬಂತು, ಯಾವುದು ಮೊದಲು ಅಂತ ಕೇಳಬೇಡಿ.

ಊರಿಗೆ ಬಂದು ಪಂಚಾಕ್ಷರಪ್ಪನವರ ಮುಂದೆ ಎರಡು ಹಾಳೆಯನ್ನೂ ಹಾಸಿದೆ, ಅಮೋನಿಯಾದ್ದು ಒಂದು, ದೊಡ್ಡ ಗಾಜಿನದು ಒಂದು. ಅವರು ನಿಮ್ಮ ನಕ್ಷೆಯ ಮೇಲೆ ಭೂತಗನ್ನಡಿ ಹಿಡಿದು, ಸೊಂಟದ ನೋವು ಮರೆತು ಮೇಜಿನ ಸುತ್ತ ಸುತ್ತಿದರು. ನಮ್ಮ ರುದ್ರಸ್ವಾಮಿ ಹಿಂಗೆ ಬರೀತಾನಾ ಅಂತ ನನ್ನನ್ನೇ ಕೇಳಿದರು! ಇಷ್ಟು ವರ್ಷ ಅವರೂ ನೋಡಿದ್ದು ಇಂಕನ್ನೇ. ಆಮೇಲೆ ವ್ಯವಹಾರದ ಮಾತು ಬಂತು. ರಿಪೇರಿಗೆ ಬೆಂಗಳೂರಿನಿಂದ ಬರಬೇಕು ಅಂದೆ. ಹಾಳೆ ದಪ್ಪ ಇದ್ದರೂ ನಡೆಯುತ್ತದೆ, ಹಳೆಯದಾಗಿದ್ದರೂ ಹರಿಯುವುದಿಲ್ಲ ಅಂದೆ. ನಮ್ಮೂರ ಕರೆಂಟು ನಂಬಿ ಕೂರೋಕಾಗ್ತದಾ ಅಂದರು. ಕರೆಂಟು ಹೋದರೆ ಬರುತ್ತದೆ, ಮೋಡ ಹೋದರೆ ಮುಂದಿನ ವರ್ಷ ಮತ್ತೆ ಬರುತ್ತದೆ ಅಂದೆ. ನಕ್ಕರು. ಕೊನೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು, ಯೋಚನೆ ಮಾಡಿ ಹೇಳು ಅಂದರು. ಅದು ಏನು ಅಂತ ಇಲ್ಲಿ ಬೇಡ. ನಾನು ಯೋಚನೆ ಮಾಡದೆಯೇ ಹೂಂ ಅಂದೆ. ಆ ಬೆಳಕು ನೋಡಿ ಬಂದವಳ ಬಾಯಲ್ಲಿ ಬೇರೆ ಮಾತು ಬರುವ ಹಾಗೇ ಇರಲಿಲ್ಲ.

ದೊಡ್ಡ ಗಾಜಿನದೇ ಆಯಿತು. ಗೌರಿ ಹಬ್ಬದ ಹೊತ್ತಿಗೆ ಬರುತ್ತದೆ. ಇನ್ನು ಮೇಲೆ ನೀವು ಬರೆದದ್ದೇ ಮೇಸ್ತ್ರಿಯ ಕೈಗೆ ಹೋಗುತ್ತದೆ, ಮಾಲೀಕರ ಗೋಡೆಗೆ ಏರುತ್ತದೆ, ಮರವೂ ಮಾವನವರೂ ಸೇರಿ. ನಡುವೆ ಯಾರ ಕೈಯೂ ಇಲ್ಲ. ನ್ಯಾಮತಿಯವರು ನಿಮ್ಮ ಪ್ರತಿ ನೋಡಿ ಒಂದೇ ಹಠ ಹಿಡಿದಿದ್ದಾರೆ, ಉಳಿದ ಅರ್ಧವನ್ನೂ ಇದೇ ಕೈಯವರೇ ಬರೆಯಬೇಕಂತೆ. ನಾನು ಬರೆದರೆ ಬೇಡವಂತೆ! ಶಾಲು ಹೊದ್ದವಳ ಗತಿ ನೋಡಿ.

ಬನ್ನಿ. ಯಂತ್ರ ಬರುತ್ತದೆ ಅಂತ ಬರಬೇಡಿ, ಗಿರಣಿಯವರು ಕಾಯುತ್ತಾರೆ ಅಂತಲೂ ಬೇಡ. ನೀವಿಲ್ಲದೆ ಮನೆ ಬಿಕೋ ಅನ್ನುತ್ತದೆ. ಸಂಜೆ ಹೊತ್ತಿಗೆ ಬೈಯಲು ಒಬ್ಬರೂ ಇಲ್ಲ, ಅತ್ತೆಯನ್ನು ಬೈಯಲು ಧೈರ್ಯ ಸಾಲದು. ನನಗೆ ನೀವು ಬೇಕು. ಬಾಯಲ್ಲಿ ಹೇಳಿ ಅಭ್ಯಾಸ ಇಲ್ಲ, ಕಾಗದದಲ್ಲಿ ಬರೆದುಬಿಟ್ಟೆ. ಬಾವನವರು ಈ ಸಾಲು ಕೇಳಿಸಿಕೊಳ್ಳದೆ ಇದ್ದರೆ ಒಳ್ಳೆಯದು.

ದುರುಗಕ್ಕನಿಗೂ ಬಾವನವರಿಗೂ ನನ್ನ ನಮಸ್ಕಾರ.

ನಿಮ್ಮ
ನಿರ್ಮಲ

ತಾ.ಕ.: ಆ ಯಂತ್ರ ಇಡಲು ಜಾಗ ಸಾಲದೆ ಶನಿವಾರ ಆಫೀಸಿನಿಂದ ಒಂದು ಮೇಜು ಹೊರಗೆ ಹಾಕಿಸಿದರು. ಗಾಬರಿಯಾಗಬೇಡಿ, ನಿಮ್ಮದಲ್ಲ. ಪೆನ್ಸಿಲ್ ಹಾಳೆಯೇ ನೇರ ಹೋಗುವಾಗ ಇಂಕು ಎಳೆಯುವವಳು ಯಾಕೆ? ಪಂಚಾಕ್ಷರಪ್ಪನವರು ದನಿ ತಗ್ಗಿಸಿ ಕೇಳಿದ್ದು ಅದನ್ನೇ. ನೀವು ಬರದಿದ್ದರೆ ಇನ್ನು ಆ ಆಫೀಸಿನಲ್ಲಿ ನಮ್ಮ ಮನೆಯವರು ಅಂತ ಯಾರೂ ಇರುವುದಿಲ್ಲ. ಮೇಜು ಗಟ್ಟಿಯಾಗಿದೆ, ಗಾಡಿಯಲ್ಲಿ ಮನೆಗೆ ತರಿಸಿಕೊಂಡೆ. ಈ ಕಾಗದ ಬರೆದದ್ದು ಅದರ ಮೇಲೇ.